ತ್ರೀಡಿ ಮಾಡಿಸುವ ಮೊದಲು ಏನೇನು ಬರೆದುಕೊಡಬೇಕು? ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ, ಹೋಂಸ್ಟೇ, ಬಟ್ಟೆ ಅಂಗಡಿ, ಕ್ಲಿನಿಕ್, ಏನೇ ಇರಲಿ, ಕಟ್ಟುವ ಮೊದಲೇ ಅದು ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಸುವುದು (ಇದನ್ನೇ ತ್ರೀಡಿ ಅನ್ನುತ್ತಾರೆ) ಈಗ ನಮ್ಮ ಕಡೆಯೂ ಮಾಮೂಲಿ. ಆ ಚಿತ್ರ ಮಾಡುವುದು ನನ್ನ ಕೆಲಸ. ಕೆಲಸ ಕೊಡಲು ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ನೀವು ಯಾರ ಹತ್ತಿರ ಮಾಡಿಸಿದರೂ ಇವು ಉಪಯೋಗಕ್ಕೆ ಬರುತ್ತವೆ.

ಬ್ರೀಫ್ ಅಂದರೇನು? ಫೋನಿನಲ್ಲಿ ಹೇಳಿದರೆ ಸಾಲದಾ?

ಏನು ಬೇಕು, ಯಾವುದು ಆಗಲೇ ತೀರ್ಮಾನ ಆಗಿದೆ, ಯಾವುದು ಇನ್ನೂ ಯೋಚನೆಯಲ್ಲಿದೆ ಅಂತ ಬರೆದುಕೊಡುವ ಒಂದೆರಡು ಪುಟ, ಅದೇ ಬ್ರೀಫ್. ಕನ್ನಡದಲ್ಲೇ ಬರೆಯಿರಿ. ಕೈಬರಹ ಆದರೂ ಸರಿ.

ಬರೆಯಲೇಬೇಕು ಅನ್ನುವುದಕ್ಕೆ ಕಾರಣ ಇದೆ. ಪೆನ್ಸಿಲ್ ಸ್ಕೆಚ್‌ನಲ್ಲಿ ಗೊತ್ತಿಲ್ಲದ ಕಡೆ ಖಾಲಿ ಬಿಡಬಹುದು. ರೆಂಡರ್‌ನಲ್ಲಿ, ಅಂದರೆ ಕಂಪ್ಯೂಟರ್ ತಯಾರಿಸಿ ಕೊಡುವ ಚಿತ್ರದಲ್ಲಿ, ಖಾಲಿ ಬಿಡಲು ಬರುವುದಿಲ್ಲ. ಗೋಡೆಗೆ ಯಾವುದೋ ಒಂದು ಬಣ್ಣ ಇರಲೇಬೇಕು. ನೆಲಕ್ಕೆ ಯಾವುದೋ ಟೈಲ್ಸ್ ಹಾಕಲೇಬೇಕು. ಕಿಟಕಿಯ ಆಚೆ ಏನಾದರೂ ಕಾಣಲೇಬೇಕು. ನೀವು ಹೇಳದೆ ಬಿಟ್ಟದ್ದನ್ನೆಲ್ಲ ಚಿತ್ರ ಮಾಡುವವನು ತನ್ನ ಅಂದಾಜಿನಲ್ಲಿ ತುಂಬುತ್ತಾನೆ. ಆಮೇಲೆ ಮನೆಯವರೆಲ್ಲ ಕೂತು ಆ ಅಂದಾಜಿನ ಮೇಲೆ ಚರ್ಚೆ ಶುರು ಮಾಡುತ್ತಾರೆ. ‘ನೆಲ ಯಾಕೆ ಇಷ್ಟು ಬಿಳಿ? ಯಾರು ಹೇಳಿದ್ದು?’ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಮೊದಲ ಸಾಲಿನಲ್ಲಿ ಏನು ಬರೆಯಲಿ?

ಈ ಚಿತ್ರವನ್ನು ಯಾರು ನೋಡುತ್ತಾರೆ, ನೋಡಿ ಏನು ತೀರ್ಮಾನ ಮಾಡಬೇಕು ಅನ್ನುವುದನ್ನು.

‘ಮುಂಭಾಗಕ್ಕೆ ಇಳಿಜಾರು ಹೆಂಚಿನ ಮಾಡು ಹಾಕೋಣವೋ, ಚಪ್ಪಟೆ ಆರ್‌ಸಿಸಿ ಬಿಡೋಣವೋ ಅಂತ ಮನೆಯವರು ಕೂತು ನಿರ್ಧಾರ ಮಾಡಬೇಕು’ ಅಂತ ಬರೆದರೆ ಎರಡು ಸರಳ ಚಿತ್ರ ಸಾಕು. ಸೋಫಾ ದಿಂಬಿನ ಬಣ್ಣ ಹುಡುಕುತ್ತಾ ಕೂರುವ ಅಗತ್ಯ ಇಲ್ಲ. ಹೋಂಸ್ಟೇ ಜಾಹೀರಾತಿಗಾದರೆ ದಿಂಬೂ ಬೇಕು, ಮೇಜಿನ ಮೇಲೆ ಕಾಫಿ ಲೋಟವೂ ಬೇಕು. ಬಡಗಿಗೆ ತೋರಿಸುವುದಾದರೆ ವಾರ್ಡ್‌ರೋಬಿನ ಬಾಗಿಲು ತೆಗೆದ ಚಿತ್ರ ಬೇಕು, ಒಳಗಿನ ಶೆಲ್ಫ್ ಕಾಣಬೇಕು. ಮನೆ ಒಂದೇ ಆದರೂ ಮೂರೂ ಬೇರೆ ಬೇರೆ ಕೆಲಸ.

‘ಚೆನ್ನಾಗಿ ಕಾಣಬೇಕು’ ಅಂತ ಮಾತ್ರ ಬರೆಯಬೇಡಿ. ಕೆಟ್ಟದಾಗಿ ಕಾಣಲಿ ಅಂತ ಯಾರೂ ದುಡ್ಡು ಕೊಡುವುದಿಲ್ಲ ಅಲ್ವಾ?

ಪ್ಲಾನ್ ಯಾವ ರೂಪದಲ್ಲಿ ಕೊಡಬೇಕು?

ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಳತೆ ಓದಲು ಬರುವಂಥ ಪಿಡಿಎಫ್. ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಅಂಕಿಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.

ಯಾವ ಪ್ಲಾನ್ ಅನ್ನುವುದನ್ನೂ ಹೇಳಿ. ಅನುಮೋದನೆಗೆ ಕೊಟ್ಟ ಪ್ಲಾನ್ ಒಂದು, ಸೈಟಿನಲ್ಲಿ ಮಾರ್ಕ್ ಮಾಡಿರುವುದು ಇನ್ನೊಂದು, ಇಂಜಿನಿಯರ್ ಕಳೆದ ವಾರ ತಿದ್ದಿದ್ದು ಮತ್ತೊಂದು ಇರುವುದು ಅಪರೂಪ ಏನಲ್ಲ. ಕೊನೆಯದರ ಮೇಲೆ ತಾರೀಕು ಹಾಕಿ, ಅದೊಂದನ್ನೇ ಕಳಿಸಿ.

ಅಳತೆ ಅಡಿ–ಇಂಚಿನಲ್ಲೋ ಮಿಲಿಮೀಟರಿನಲ್ಲೋ ಅಂತ ಬರೆಯಿರಿ. ಮುಖ್ಯವಾಗಿ ಚುಕ್ಕೆ ಹಾಕಿದ ಅಂಕಿಗಳು. ಮೇಸ್ತ್ರಿ 5.6 ಅಂತ ಬರೆದರೆ 5 ಅಡಿ 6 ಇಂಚು. ಅದನ್ನೇ ಕಂಪ್ಯೂಟರಿಗೆ 5.6 ಅಡಿ ಅಂತ ಹಾಕಿದರೆ 5 ಅಡಿ 7 ಇಂಚಿಗೂ ಸ್ವಲ್ಪ ಜಾಸ್ತಿ ಆಗುತ್ತದೆ. ಕಿಟಕಿಗೆ ಅದು ದೊಡ್ಡ ವಿಷಯ ಆಗದೆ ಇರಬಹುದು, ಅಡುಗೆಮನೆ ಕ್ಯಾಬಿನೆಟ್ಟಿಗೆ ಆಗುತ್ತದೆ.

ಪ್ಲಾನ್ ಕೊಟ್ಟ ಮೇಲೂ ಎತ್ತರ ಯಾಕೆ ಕೇಳುತ್ತೀರಿ?

ಪ್ಲಾನ್ ಅಂದರೆ ಮೇಲಿಂದ ನೋಡಿದ ಚಿತ್ರ. ಉದ್ದ ಅಗಲ ಬಿಟ್ಟರೆ ಅದರಲ್ಲಿ ಬೇರೆ ಸಿಗುವುದಿಲ್ಲ. ರಸ್ತೆ ಮಟ್ಟದಿಂದ ಪ್ಲಿಂತ್ (ಮನೆಯ ಪೀಠ) ಎಷ್ಟು ಎತ್ತರ, ನೆಲದಿಂದ ಸ್ಲ್ಯಾಬ್‌ವರೆಗೆ ಎಷ್ಟು, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ) ಎಲ್ಲಿ ಬರುತ್ತದೆ, ಸಜ್ಜಾ (ಕಿಟಕಿಯ ಮೇಲೆ ಚಾಚುವ ಹಲಗೆ) ಎಷ್ಟು ಹೊರಗೆ ಚಾಚಿದೆ, ಪ್ಯಾರಾಪೆಟ್ (ತಾರಸಿಯ ಅಂಚಿನ ಮೋಟುಗೋಡೆ) ಎಷ್ಟು, ಇವೆಲ್ಲ ಸೆಕ್ಷನ್ ಡ್ರಾಯಿಂಗಿನಲ್ಲಿ, ಅಂದರೆ ಮನೆಯನ್ನು ಉದ್ದಕ್ಕೆ ಸೀಳಿ ನೋಡಿದಂಥ ಚಿತ್ರದಲ್ಲಿ, ಇರುತ್ತವೆ. ಸೆಕ್ಷನ್ ಇಲ್ಲದಿದ್ದರೆ ಇಂಜಿನಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಡಿ.

ಒಳಾಂಗಣಕ್ಕೆ ತೊಂದರೆ ಕೊಡುವುದು ಬೀಮ್. ಹಾಲ್ ಮತ್ತು ಊಟದ ಜಾಗದ ನಡುವೆ ಗೋಡೆ ತೆಗೆದಿದ್ದರೆ ಅಲ್ಲಿ ಒಂದು ಬೀಮ್ ಕೆಳಗೆ ಇಳಿದಿರುತ್ತದೆ. ಪ್ಲಾನಿನಲ್ಲಿ ಅದು ಕಾಣದ ಕಾರಣ ಚಿತ್ರದಲ್ಲಿ ಸಪಾಟಾದ ಸೀಲಿಂಗ್ ಬರುತ್ತದೆ. ಎಲ್ಲರಿಗೂ ಇಷ್ಟ ಆಗುತ್ತದೆ. ಮನೆಯಲ್ಲಿ ಹೋಗಿ ನೋಡಿದರೆ ನೆತ್ತಿಯ ಮೇಲೆ ಅಡ್ಡಪಟ್ಟಿ. ಫಾಲ್ಸ್ ಸೀಲಿಂಗಿನಲ್ಲಿ ಅದನ್ನು ಮುಚ್ಚುತ್ತೀರಾ ಅನ್ನುವುದೂ ಆಗಲೇ ಗೊತ್ತಾಗಬೇಕು, ಯಾಕಂದರೆ ಮುಚ್ಚಿದರೆ ಕೋಣೆಯ ಎತ್ತರ ಕಡಿಮೆ ಆಗುತ್ತದೆ.

ಮನೆ ಆಗಲೇ ಕಟ್ಟಿ ಆಗಿದ್ದರೆ ಪ್ಲಾನ್ ನಂಬಬೇಡಿ. ಟೇಪ್ ಹಿಡಿದು ಅಳೆಯಿರಿ. ಗಾರೆ ಆದ ಮೇಲೆ ಕೋಣೆಯ ಅಳತೆ ಎಲ್ಲ ಕಡೆಯೂ ಸ್ವಲ್ಪ ಕಡಿಮೆ ಆಗಿರುತ್ತದೆ.

ಎಲ್ಲ ಇನ್ನೂ ತೀರ್ಮಾನ ಆಗಿಲ್ಲ. ಈಗಲೇ ಶುರು ಮಾಡಬಹುದಾ?

ಮಾಡಬಹುದು. ಆದರೆ ಆಗಿರುವುದನ್ನು ಆಗದಿರುವುದರಿಂದ ಬೇರೆ ಮಾಡಿ ಬರೆಯಿರಿ. ಬದಲಾಗದ್ದು ಒಂದು ಪಟ್ಟಿ. ಎರಡರಲ್ಲಿ ಒಂದು ಆರಿಸಬೇಕಾದದ್ದು ಇನ್ನೊಂದು. ನಮಗೇ ಬಿಟ್ಟದ್ದು ಮೂರನೆಯದು. ಈ ಮೂರನೇ ಪಟ್ಟಿ ಬರೆಯಲು ಜನ ಹಿಂಜರಿಯುತ್ತಾರೆ. ‘ಪರದೆ ಬಣ್ಣ ನಿಮ್ಮಿಷ್ಟ’ ಅಂತ ಬರೆಯುವುದರಲ್ಲಿ ತಪ್ಪಿಲ್ಲ. ನಿಮ್ಮಿಷ್ಟ ಅಂತ ಬಿಟ್ಟು, ಚಿತ್ರ ಬಂದ ಮೇಲೆ ಆರು ಸಲ ಪರದೆ ಬದಲಿಸಿದರೆ ಮಾತ್ರ ಎರಡೂ ಕಡೆ ಬೇಸರ.

ಸೈಟಿನ ಫೋಟೋ ಹೇಗೆ ತೆಗೆಯಬೇಕು?

ನಾಲ್ಕು ಮೂಲೆಯಿಂದ ಒಳಮುಖವಾಗಿ, ಮಧ್ಯದಲ್ಲಿ ನಿಂತು ನಾಲ್ಕು ಕಡೆಗೂ, ರಸ್ತೆಯ ಆಚೆ ಬದಿಯಿಂದ ಒಂದು. ಪಕ್ಕದ ಮನೆಯ ಗೋಡೆ, ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್, ಎದುರಿನ ಚರಂಡಿ ಇವನ್ನೆಲ್ಲ ತಪ್ಪಿಸಿ ಚಂದದ ಫೋಟೋ ಕಳಿಸಬೇಡಿ. ಅವೇ ಬೇಕು. ಗೂಗಲ್ ಮ್ಯಾಪಿನ ಲೊಕೇಶನ್ ಕಳಿಸಿದರೆ ಉತ್ತರ ದಿಕ್ಕು ತಾನಾಗಿಯೇ ಸಿಗುತ್ತದೆ.

ಮಲೆನಾಡಿನ ಕಡೆ ಇನ್ನೊಂದು ವಿಷಯ, ಇಳಿಜಾರು. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಸಮತಟ್ಟಾದ ಸೈಟ್ ಸಿಗುವುದೇ ಕಷ್ಟ. ಮನೆ ಮುಂದುಗಡೆ ಒಂದು ಅಂತಸ್ತು, ಹಿಂದುಗಡೆ ಎರಡು ಕಾಣಬಹುದು. ಲೆವೆಲ್ ಸರ್ವೇ ಮಾಡಿಸಿದ್ದರೆ ಕೊಡಿ. ಇಲ್ಲದಿದ್ದರೆ ಸೈಟಿನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಎಷ್ಟು ಅಡಿ ವ್ಯತ್ಯಾಸ ಅಂತ ಲೆವೆಲ್ ಟ್ಯೂಬ್ (ಮಟ್ಟ ನೋಡುವ ನೀರಿನ ಪೈಪು) ಹಿಡಿದು ಮೇಸ್ತ್ರಿ ಹೇಳಬಲ್ಲರು. ಇದನ್ನು ಬಿಟ್ಟರೆ ತಡೆಗೋಡೆಯೇ ಇಲ್ಲದ, ಮೆಟ್ಟಿಲೇ ಇಲ್ಲದ ಮನೆಯ ಚಿತ್ರ ಬರುತ್ತದೆ. ಖರ್ಚಿನ ದೊಡ್ಡ ಪಾಲು ಆ ತಡೆಗೋಡೆಯದ್ದೇ ಆಗಿರಬಹುದು.

ಚಿತ್ರದಲ್ಲಿ ಬೆಳಗ್ಗೆ ಇರಬೇಕೋ ಸಂಜೆ ಇರಬೇಕೋ?

ನಿಮ್ಮ ಮನೆ ಯಾವ ಕಡೆ ಮುಖ ಮಾಡಿದೆ ಅನ್ನುವುದು ಇದಕ್ಕೆ ಉತ್ತರ ಹೇಳುತ್ತದೆ. ಪೂರ್ವಕ್ಕೆ ಮುಖ ಇದ್ದರೆ ಬೆಳಗಿನ ಬಿಸಿಲು ಮುಂಭಾಗಕ್ಕೆ ಬೀಳುತ್ತದೆ. ಪಶ್ಚಿಮಕ್ಕೆ ಇದ್ದರೆ ಸಂಜೆಯದು. ಇದು ಸುಲಭ. ಉತ್ತರ, ದಕ್ಷಿಣದ ಮನೆಗಳಲ್ಲಿ ಎಡವಟ್ಟಾಗುವುದು ಜಾಸ್ತಿ.

ಹಾಸನ, ಚಿಕ್ಕಮಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇವೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ಮೂರನೇ ವಾರದ ಸುಮಾರಿಗೆ ಇನ್ನೊಮ್ಮೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಎತ್ತರ ಸುಮಾರು 53 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಆದರೂ ಎಷ್ಟೋ ಉತ್ತರ ಮುಖದ ಮನೆಗಳ ಚಿತ್ರದಲ್ಲಿ ಬಂಗಾರದ ಬಿಸಿಲು ಮುಂಬಾಗಿಲಿಗೆ ಹೊಡೆಯುತ್ತಿರುತ್ತದೆ. ಸಾಫ್ಟ್‌ವೇರಿನಲ್ಲಿ ಸೂರ್ಯನನ್ನು ಎಲ್ಲಿ ಬೇಕಾದರೂ ಎಳೆದು ನಿಲ್ಲಿಸಬಹುದು ನೋಡಿ.

ಬ್ರೀಫ್‌ನಲ್ಲಿ ತಿಂಗಳು ಮತ್ತು ಗಂಟೆ ಬರೆಯಿರಿ. ‘ಜನವರಿ, ಬೆಳಗ್ಗೆ 9’ ಅಂದರೆ ಸಾಕು. ಸಜ್ಜಾದ ನೆರಳು ಎಲ್ಲಿಗೆ ಬರುತ್ತದೆ, ಹಾಲಿನೊಳಗೆ ಬಿಸಿಲು ಎಷ್ಟು ದೂರ ಬರುತ್ತದೆ ಅನ್ನುವುದು ಆಗ ನಿಜವಾಗಿ ಗೊತ್ತಾಗುತ್ತದೆ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ಪಶ್ಚಿಮಕ್ಕೆ ದೊಡ್ಡ ಗಾಜು ಇಡಬೇಕು ಅಂದುಕೊಂಡಿದ್ದರೆ ಏಪ್ರಿಲ್ ತಿಂಗಳು ಸಂಜೆ 4 ಗಂಟೆಯ ಚಿತ್ರ ಒಂದು ಕೇಳಿ. ಗಾಜಿನ ಆಸೆ ಎಷ್ಟು ಉಳಿಯುತ್ತದೆ ನೋಡೋಣ.

ಮಳೆಗಾಲದ ಚಿತ್ರ ಯಾರಾದರೂ ಮಾಡಿಸುತ್ತಾರಾ?

ಮಾಡಿಸುವವರು ಕಡಿಮೆ. ಮಾಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಘಟ್ಟದ ಸೆರಗಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಕಾಣುವುದೇ ಮೋಡದ ಬೆಳಕಿನಲ್ಲಿ. ನೀಲಿ ಆಕಾಶದ ಕೆಳಗೆ ಹೊಳೆಯುವ ಬಿಳಿ ಡಬ್ಬಿಯಂಥ ಮನೆ, ಅದೇ ಜಾಗದಲ್ಲಿ ಬೂದು ಬೆಳಕಿನಲ್ಲಿ ಹೇಗಿರುತ್ತದೆ ಅಂತ ಕಟ್ಟುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಬೆಳಕಿನ ಮಾತು ಬಿಟ್ಟರೂ, ನೀರಿನ ಮಾತಿದೆ. ಮಾಡಿನ ಸೂರು ಎಷ್ಟು ಹೊರಚಾಚಿದೆ? ಸೂರಿನ ನೀರು ಹಿಡಿಯುವ ದೋಣಿ ಎಲ್ಲಿದೆ, ಅದರ ಪೈಪು ಯಾವ ಗೋಡೆಯ ಮೇಲೆ ಇಳಿಯುತ್ತದೆ? ಸೂರಿನ ನೀರು ಬಿದ್ದು ಸಿಡಿಯುವ ಮಣ್ಣು ಗೋಡೆಗೆ ಎಷ್ಟು ಎತ್ತರ ಹತ್ತುತ್ತದೆ? ಚಿತ್ರಗಳಲ್ಲಿ ಪೈಪು ಇರುವುದಿಲ್ಲ, ಯಾಕಂದರೆ ಯಾರೂ ಹೇಳಿರುವುದಿಲ್ಲ. ‘ಮಳೆನೀರಿನ ಪೈಪು, ದೋಣಿ ತೋರಿಸಿ’ ಅಂತ ಒಂದು ಸಾಲು ಬರೆದರೆ, ಅದನ್ನು ಎಲ್ಲಿ ಇಡಬೇಕು ಅಂತ ಇಂಜಿನಿಯರ್ ಆಗಲೇ ಯೋಚನೆ ಮಾಡುತ್ತಾರೆ. ಪಾಚಿ ಕಟ್ಟುವ ಗೋಡೆ ಯಾವುದು ಅಂತ ಊರಿನವರಿಗೆ ಗೊತ್ತಿರುತ್ತದೆ. ಅದನ್ನೂ ಬರೆಯಿರಿ. ಅಲ್ಲಿ ಬಿಳಿ ಬಣ್ಣದ ಬದಲು ಕಲ್ಲು ಹಾಕಬಹುದಾ ಅಂತ ನೋಡಬಹುದು.

ಮರ, ಗಿಡದ ಬಗ್ಗೆಯೂ ಬರೆಯಬೇಕಾ?

ಬೇಕು. ಸಾಫ್ಟ್‌ವೇರಿನ ಜೊತೆ ಸಿಗುವ ಮರಗಳಲ್ಲಿ ಮೇಪಲ್, ಪೈನ್ ಥರದ್ದೇ ಜಾಸ್ತಿ. ಹೇಳದಿದ್ದರೆ ಮೂಡಿಗೆರೆಯ ತೋಟದ ಮನೆಯ ಹಿಂದೆ ಯುರೋಪಿನ ಕಾಡು ನಿಲ್ಲುತ್ತದೆ. ನಿಮ್ಮಲ್ಲಿ ಇರುವುದು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಹಲಸು, ಅತ್ತಿ. ಅದನ್ನೇ ಕೇಳಿ, ಫೋಟೋ ಕೊಡಿ. ಬಯಲುಸೀಮೆ ಕಡೆಯಾದರೆ ತೆಂಗು, ಹೊಂಗೆ, ಬೇವು. ತೆಂಗು ಹೇಳಿದ ಕಡೆ ಅಡಿಕೆ ಹಾಕಿದರೆ ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ.

ಉಳಿಸಿಕೊಳ್ಳುವ ಮರಗಳನ್ನು ಪ್ಲಾನಿನ ಮೇಲೆ ಗುರುತು ಮಾಡಿ. ಹೋಂಸ್ಟೇ ಮಾಡುವವರು ಕಾಫಿ ಹೂವಿನ ಚಿತ್ರ ಕೇಳುತ್ತಾರೆ. ಹೂಮಳೆ ಬಿದ್ದ ಮೇಲೆ, ಮಾರ್ಚ್–ಏಪ್ರಿಲ್ ಸುಮಾರಿಗೆ, ಕೆಲವೇ ದಿನ ಇರುವ ನೋಟ ಅದು. ಅತಿಥಿಗಳು ವರ್ಷಪೂರ್ತಿ ಬರುತ್ತಾರೆ. ಮುಖ್ಯ ಚಿತ್ರದಲ್ಲಿ ಹಸಿರು ಗಿಡ ಇರಲಿ.

ಟೈಲ್ಸ್, ಕಲ್ಲು, ಮರ, ಬಣ್ಣ ಹೇಗೆ ಹೇಳುವುದು?

ಹೆಸರು, ಅಳತೆ, ಮೇಲ್ಮೈ, ಈ ಮೂರೂ ಬೇಕು.

ಕಲ್ಲಿನಿಂದ ಶುರು ಮಾಡೋಣ. ‘ಗ್ರಾನೈಟ್’ ಅಂದರೆ ಸಾಲದು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ‘ಹಾಸನ ಗ್ರೀನ್’ ಅನ್ನುವ ಕಡು ಹಸಿರು ಗ್ರಾನೈಟ್ ಇದೆ. ಪಾಲಿಶ್ ಮಾಡಿದರೆ ಅದು ದೂರಕ್ಕೆ ಕಪ್ಪಾಗಿ ಕಾಣುತ್ತದೆ, ಆಕಾಶ ಅದರಲ್ಲಿ ಪ್ರತಿಫಲಿಸುತ್ತದೆ. ಅದೇ ಕಲ್ಲು ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದಾಗ ಬೇರೆಯದೇ ಬಣ್ಣ. ಮೆಟ್ಟಿಲಿಗೆ ಒರಟು, ಅಡುಗೆಮನೆ ಕಟ್ಟೆಗೆ ಪಾಲಿಶ್ ಅಂತ ಬಿಡಿಸಿ ಬರೆಯಬೇಕು.

ಟೈಲ್ಸ್ ಆದರೆ 2×2 ಅಡಿಯೋ, 2×4 ಅಡಿಯೋ, ಸಂದಿನ ಗ್ರೌಟ್ ಬಣ್ಣ ಯಾವುದು, ಯಾವ ಗೋಡೆಯಿಂದ ಹಾಕಲು ಶುರು ಮಾಡುತ್ತಾರೆ. ರೆಡ್ ಆಕ್ಸೈಡ್ ನೆಲ ಬೇಕು ಅನ್ನುವವರು ಈಗ ಮತ್ತೆ ಜಾಸ್ತಿ ಆಗಿದ್ದಾರೆ. ಅಜ್ಜನ ಮನೆಯ ಸವೆದ, ಮಿನುಗುವ ಕೆಂಪೋ, ಹೊಸದಾಗಿ ಹಾಕಿದ ಕೆಂಪೋ ಹೇಳಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಮಂಗಳೂರು ಹೆಂಚಿನದ್ದೂ ಹಾಗೇ. ಜೊತೆಗೆ, ಒಳಗಿನಿಂದ ತಲೆ ಎತ್ತಿದರೆ ಏನು ಕಾಣಬೇಕು, ಹೆಂಚು ಮತ್ತು ಅದನ್ನು ಹೊರುವ ರೀಪರ್ ಪಟ್ಟಿಗಳು ಕಾಣಬೇಕಾ, ಮರದ ಸೀಲಿಂಗಾ, ಅಥವಾ ಸ್ಲ್ಯಾಬ್ ಮೇಲೆ ಅಂಟಿಸಿದ ಹೆಂಚಾ?

ಮರ ಅಂದಾಗ ತೇಗ, ಹೊನ್ನೆ, ಹಲಸು ಅಂತ ಜಾತಿ ಹೇಳಿ. ಲ್ಯಾಮಿನೇಟ್ ಆದರೆ ಶೀಟಿನ ಹಿಂದಿರುವ ನಂಬರ್ ಸಾಕು. ಬಣ್ಣಕ್ಕೆ ಕಂಪನಿಯ ಶೇಡ್ ಕಾರ್ಡಿನ ಕೋಡ್ ಕೊಡಿ. ಫೋಟೋ ತೆಗೆದು ಕಳಿಸುವುದಾದರೆ ಹೊರಗೆ ನೆರಳಿನಲ್ಲಿ ತೆಗೆಯಿರಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಕೆನೆಬಣ್ಣ ಹಸಿರಾಗಿ ಬರುವುದುಂಟು. ಇಷ್ಟೆಲ್ಲ ಮಾಡಿದರೂ ಒಂದೊಂದು ಮೊಬೈಲಿನಲ್ಲಿ ಒಂದೊಂದು ಥರ ಕಾಣುತ್ತದೆ, ಅದಕ್ಕೆ ಬಣ್ಣದ ಕೊನೆಯ ತೀರ್ಮಾನವನ್ನು ಚಿತ್ರ ನೋಡಿ ಮಾಡಬೇಡಿ. ಗೋಡೆಯ ಮೇಲೆ ಒಂದು ತುಂಡು ಬಳಿಸಿ ನೋಡಿ.

‘ಹೊಯ್ಸಳ ಶೈಲಿ’ ಬೇಕು ಅಂದರೆ ಸಾಕಾ?

ಬೇಲೂರು, ಹಳೇಬೀಡು ಪಕ್ಕದಲ್ಲೇ ಇರುವುದರಿಂದ ಈ ಆಸೆ ನಮ್ಮವರಿಗೆ ಸಹಜ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ರೆಸಾರ್ಟ್‌ನವರಿಗೂ ಬಂದಿದೆ. ಆದರೆ ಯಾವ ಭಾಗ ಅಂತ ಹೇಳಬೇಕು. ನಕ್ಷತ್ರದ ಆಕಾರದ ಜಗತಿಯೋ (ಗುಡಿ ನಿಂತಿರುವ ಎತ್ತರದ ಕಟ್ಟೆ), ಕಡೆದಂತೆ ನುಣುಪಾದ ದುಂಡು ಕಂಬವೋ, ಜಾಲಂಧ್ರವೋ (ತೂತುಗಳಿರುವ ಕಲ್ಲಿನ ಕಿಟಕಿ)?

ಏನಿಂದ ಮಾಡಿಸುತ್ತೀರಿ ಅನ್ನುವುದೂ ಮುಖ್ಯ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಅಷ್ಟು ಸಣ್ಣ ಕೆತ್ತನೆ ಸಾಧ್ಯ ಆದದ್ದು ಅದು ಬಳಪದ ಕಲ್ಲು ಆದ್ದರಿಂದ. ಆ ಕಲ್ಲು ಕೆತ್ತನೆಗೆ ಮೆತ್ತಗೆ. ಸಿಮೆಂಟ್ ಅಚ್ಚಿನಲ್ಲಿ ಆ ಅಂಚು ಬರುವುದಿಲ್ಲ, ಗ್ರಾನೈಟ್‌ನಲ್ಲಿ ಖರ್ಚು ಬೇರೆ. ಕಂಪ್ಯೂಟರಿನಲ್ಲಿ ಮಾತ್ರ ಎಲ್ಲ ಬರುತ್ತದೆ. ಚಿತ್ರ ತೋರಿಸಿ ಕಂಬ ಕೇಳಿದರೆ ಶಿಲ್ಪಿ ನಗಬಹುದು. ಮೊದಲು ಅವರನ್ನು ಕೇಳಿ, ಆಮೇಲೆ ಬ್ರೀಫ್ ಬರೆಯಿರಿ. ನನ್ನನ್ನು ಕೇಳಿದರೆ, ಮನೆಗೆ ಎರಡು ಒಳ್ಳೆಯ ಕಂಬ ಸಾಕು.

ಪಿಂಟರೆಸ್ಟ್, ಇನ್‌ಸ್ಟಾಗ್ರಾಂ ಫೋಟೋ ಕಳಿಸಬಹುದಾ? ಎಐ ಚಿತ್ರ?

ಧಾರಾಳವಾಗಿ. ಒಂದೊಂದರ ಕೆಳಗೂ ಏನು ಇಷ್ಟ ಆಯಿತು ಅಂತ ಬರೆಯಿರಿ. ‘ಕಿಟಕಿಯ ಕೆಳಗಿನ ಕೂರುವ ಕಟ್ಟೆ ಮಾತ್ರ, ಬಣ್ಣ ಬೇಡ’ ಅಂದರೆ ನಮಗೆ ದಾರಿ ಸಿಕ್ಕಿತು. ಸುಮ್ನೆ ಐವತ್ತು ಫೋಟೋ ಕಳಿಸಿದರೆ ಅವು ಒಂದಕ್ಕೊಂದು ಜಗಳ ಆಡುತ್ತವೆ. ಇಷ್ಟ ಇಲ್ಲದ್ದರ ಎರಡು ಫೋಟೋ ಕಳಿಸಿ, ಅದು ಇನ್ನೂ ಉಪಯೋಗ.

ಎಐ ಚಿತ್ರಗಳು ಒಟ್ಟು ಭಾವ ತಿಳಿಸಲು ಚೆನ್ನ. ಅದರಲ್ಲಿ ಮೆಟ್ಟಿಲು ಮೇಲಿನ ಅಂತಸ್ತಿಗೆ ಸೇರುತ್ತದಾ, ಸ್ಲ್ಯಾಬ್ ಯಾವುದರ ಮೇಲೆ ನಿಂತಿದೆ ಅಂತ ಒಮ್ಮೆ ನೋಡಿ ಕಳಿಸಿ.

ಎಷ್ಟು ಚಿತ್ರ ಬೇಕಾಗುತ್ತದೆ? ಎಲ್ಲಿಂದ ನೋಡಿದಂತೆ?

ಪ್ಲಾನಿನ ಮೇಲೆ ನೀವೇ ಬಾಣ ಹಾಕಿ. ಮುಂಬಾಗಿಲಲ್ಲಿ ನಿಂತು ಹಾಲ್, ಸೋಫಾದಲ್ಲಿ ಕೂತು ದೇವರಮನೆ, ಅಡುಗೆ ಕಟ್ಟೆಯ ಮುಂದೆ ನಿಂತು ಕಿಟಕಿ, ಹೀಗೆ ನೀವು ದಿನಾ ನಿಲ್ಲುವ ಜಾಗದಿಂದ. ಕಣ್ಣಿನ ಎತ್ತರ ನೆಲದಿಂದ ಸುಮಾರು 5 ಅಡಿ. ಕೂತ ನೋಟ ಆದರೆ ಇನ್ನೂ ಕೆಳಗೆ.

ಲೆನ್ಸ್ ವಿಷಯದಲ್ಲಿ ಸ್ವಲ್ಪ ಹುಷಾರು. 24ರಿಂದ 28 ಮಿಲಿಮೀಟರ್ ಲೆನ್ಸಿನ ನೋಟ ಕೋಣೆಗೆ ಸರಿಹೊಂದುತ್ತದೆ. ಅದಕ್ಕಿಂತ ತುಂಬಾ ಅಗಲ ಮಾಡಿದರೆ 10×11 ಅಡಿಯ ಮಲಗುವ ಕೋಣೆ ಕಲ್ಯಾಣ ಮಂಟಪದಂತೆ ಕಾಣುತ್ತದೆ. ಮಾರುವವರಿಗೆ ಅದು ಇಷ್ಟ. ಇರುವವರಿಗೆ ಮೋಸ. ‘ಲೆನ್ಸ್ ಅತಿ ಅಗಲ ಬೇಡ’ ಅಂತ ಬರೆಯಿರಿ.

ಒಳಾಂಗಣದಲ್ಲಿ ಜನ ಹೇಳಲು ಮರೆಯುವುದು ಏನು?

ಫ್ಯಾನ್! ಸೀಲಿಂಗ್ ದೀಪಗಳನ್ನೆಲ್ಲ ಜೋಡಿಸಿ ಆದ ಮೇಲೆ ನೆನಪಾಗುತ್ತದೆ. ಆಮೇಲೆ ಸ್ವಿಚ್‌ಬೋರ್ಡ್, ಯುಪಿಎಸ್ ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರಿನ ಫಿಲ್ಟರ್, ಗ್ರೈಂಡರ್, ಚಪ್ಪಲಿ ಸ್ಟ್ಯಾಂಡ್, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಾಗ. ಹಳೆಯ ಮನೆಯಿಂದ ತರುವ ಬೀಟೆ ಮಂಚ, ಅಜ್ಜಿಯ ಕಪಾಟು ಇದ್ದರೆ ಫೋಟೋ, ಅಳತೆ ಎರಡೂ ಕೊಡಿ.

ದೀಪದ ಬಣ್ಣವನ್ನು ಬಲ್ಬಿನ ಡಬ್ಬಿಯ ಮೇಲಿರುವ ಅಂಕಿಯಲ್ಲೇ ಹೇಳಬಹುದು. 3000 ಕೆಲ್ವಿನ್ ಅಂದರೆ ಹಳದಿ, 4000 ನಡುವಿನದು, 6500 ಬಿಳಿ. ಚಿತ್ರದಲ್ಲಿ 3000 ಇಟ್ಟು ಮನೆಗೆ 6500ರ ಬಲ್ಬ್ ತಂದರೆ ಮರದ ಕೆಲಸ ಪೂರ್ತಿ ಸಪ್ಪೆ ಕಾಣುತ್ತದೆ.

ವಾಸ್ತು ಯಾವಾಗ ಹೇಳಬೇಕು?

ಮೊದಲೇ. ಒಲೆ ಆಗ್ನೇಯಕ್ಕೆ, ದೇವರಮನೆ ಈಶಾನ್ಯಕ್ಕೆ ಅಂತ ಪ್ಲಾನಿನಲ್ಲಿ ಇರುತ್ತದೆ. ಅಡುಗೆ ಮಾಡುವಾಗ ಮುಖ ಯಾವ ಕಡೆ, ಮಂಚದ ತಲೆಭಾಗ ಯಾವ ಕಡೆ ಅನ್ನುವುದು ಇರುವುದಿಲ್ಲ. ವಾಸ್ತು ನೋಡುವವರು ಒಪ್ಪಿದ ಮೇಲೆ ಚಿತ್ರ ಶುರು ಮಾಡಿಸಿ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಯಾರದ್ದು ಕೇಳುತ್ತೀರಿ?

ಬ್ರೀಫ್‌ನಲ್ಲಿ ಯಾರ ಹೆಸರಿದೆಯೋ ಅವರದ್ದು. ಒಬ್ಬರೇ ಇರಲಿ.

ಚಿತ್ರ ಯಾವ ಹಂತಗಳಲ್ಲಿ ಬರುತ್ತದೆ? ತಿದ್ದುಪಡಿ ಹೇಗೆ?

ಮೊದಲು ಬಣ್ಣ ಇಲ್ಲದ ಬೂದು ಮಾದರಿ. ಇದನ್ನು ಜನ ಸರಿಯಾಗಿ ನೋಡುವುದೇ ಇಲ್ಲ. ‘ಇನ್ನೂ ಬಣ್ಣ ಬಂದಿಲ್ಲವಲ್ಲ’ ಅಂತ ಪಕ್ಕಕ್ಕಿಡುತ್ತಾರೆ. ನಿಜವಾಗಿ ಗಮನ ಕೊಡಬೇಕಾದದ್ದು ಇಲ್ಲೇ. ಕಿಟಕಿಯ ಜಾಗ, ಎತ್ತರ, ಕ್ಯಾಮೆರಾ ಎಲ್ಲವನ್ನೂ ಈಗಲೇ ನೋಡಿ. ಆಮೇಲೆ ಬಣ್ಣ, ಬೆಳಕು ಹಾಕಿದ ಸಣ್ಣ ಅಳತೆಯ ಚಿತ್ರ ಬರುತ್ತದೆ. ಕೊನೆಗೆ ಪೂರ್ತಿ ಅಳತೆಯದು. ಕೊನೆಯ ಹಂತದಲ್ಲಿ ಕಿಟಕಿ ಸರಿಸಿ ಅಂದರೆ ಬೆಳಕಿನಿಂದ ಹಿಡಿದು ಎಲ್ಲ ಮತ್ತೆ ಮಾಡಬೇಕು.

ನೀವು ಬರೆದದ್ದನ್ನು ನಾವು ಮಾಡದೆ ಇದ್ದರೆ ಅದು ತಪ್ಪು, ಅದನ್ನು ಪುಕ್ಕಟೆ ಸರಿಮಾಡಬೇಕು. ನೀವು ಮನಸ್ಸು ಬದಲಿಸಿದರೆ ಅದು ಬದಲಾವಣೆ, ಅದಕ್ಕೆ ದುಡ್ಡು ಇರುತ್ತದೆ. ಎಷ್ಟು ಸುತ್ತು ತಿದ್ದುಪಡಿ ಸೇರಿದೆ ಅಂತ ಮೊದಲೇ ಬರೆಸಿಕೊಳ್ಳಿ. ಹೇಳುವಾಗ ಚಿತ್ರದ ಮೇಲೆ 1, 2, 3 ಅಂತ ನಂಬರ್ ಹಾಕಿ ಕೆಳಗೆ ಬರೆಯಿರಿ. ವಾಯ್ಸ್ ಮೆಸೇಜ್‌ನಲ್ಲಿ ‘ಆ ಕಡೆ ಇದೆಯಲ್ಲ, ಅದು’ ಅಂದರೆ ಯಾವ ಕಡೆ ಅಂತ ಹುಡುಕುವುದರಲ್ಲೇ ಅರ್ಧ ದಿನ.

ಚಿತ್ರದ ಅಳತೆ ಎಷ್ಟಿರಬೇಕು?

ಮೊಬೈಲ್, ವಾಟ್ಸಾಪಿಗೆ 1920×1080 ಪಿಕ್ಸೆಲ್ ಸಾಕು. ಟಿವಿಯಲ್ಲಿ ಹಾಕಿ ತೋರಿಸಲು 3840×2160. ಇದರಲ್ಲಿ ಪಿಕ್ಸೆಲ್ ನಾಲ್ಕು ಪಟ್ಟು, ಹಾಗಾಗಿ ಕಂಪ್ಯೂಟರಿಗೆ ಸಮಯವೂ ಜಾಸ್ತಿ. ಎ3 ಹಾಳೆಯಲ್ಲಿ ಚೊಕ್ಕವಾಗಿ ಮುದ್ರಿಸಲು 4961×3508 ಬೇಕು. ರಸ್ತೆ ಬದಿಯ ಫ್ಲೆಕ್ಸ್ ದೂರದಿಂದ ನೋಡುವಂಥದ್ದು, ಅದಕ್ಕೆ ಅಷ್ಟು ಸಾಂದ್ರತೆ ಬೇಡ. ಅಡ್ಡ ಚಿತ್ರವೋ ಉದ್ದ ಚಿತ್ರವೋ ಅಂತ ಮಾತ್ರ ಮೊದಲೇ ಹೇಳಿ.

ಖರ್ಚು ಎಷ್ಟು, ಎಷ್ಟು ದಿನ?

ಎಷ್ಟು ಕೋಣೆ, ಎಷ್ಟು ನೋಟ, ಎಷ್ಟು ಸುತ್ತು ತಿದ್ದುಪಡಿ, ಹೊಸದಾಗಿ ಮಾಡಬೇಕಾದ ವಸ್ತುಗಳು ಎಷ್ಟು, ಇವುಗಳ ಮೇಲೆ ನಿಂತಿದೆ. ಒಂದೇ ಕೋಣೆಯ ಎರಡನೇ ನೋಟ ಮೊದಲನೆಯದಕ್ಕಿಂತ ಅಗ್ಗ ಆಗಬೇಕು, ಕಂಪ್ಯೂಟರಿನಲ್ಲಿ ಆ ಕೋಣೆಯ ಮಾದರಿ (ಮಾಡೆಲ್) ಆಗಲೇ ತಯಾರಿರುತ್ತದೆ. ಗೃಹಪ್ರವೇಶದ ತಾರೀಕಿನಿಂದ ಹಿಂದಕ್ಕೆ ಎಣಿಸಬೇಡಿ. ಬಡಗಿ ಪ್ಲೈವುಡ್ ತರುವ ತಾರೀಕಿನಿಂದ ಎಣಿಸಿ.

ಲೇಔಟ್, ಅಪಾರ್ಟ್‌ಮೆಂಟ್, ಹೋಂಸ್ಟೇ ಜಾಹೀರಾತಿಗೆ ಬೇರೆ ನಿಯಮ ಇದೆಯಾ?

ಮಾರುವುದಕ್ಕೆ ಚಿತ್ರ ಮಾಡಿಸುತ್ತಿದ್ದರೆ 2016ರ ರೇರಾ ಕಾಯ್ದೆಯ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) 12ನೇ ಸೆಕ್ಷನ್ ಓದಿಕೊಳ್ಳಿ. ಜಾಹೀರಾತಿನಲ್ಲಿದ್ದ ತಪ್ಪು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟ ಆದವರಿಗೆ ಪರಿಹಾರ ಕೊಡಬೇಕು. ಅವರು ಹಿಂದೆ ಸರಿಯುತ್ತೇನೆ ಅಂದರೆ ಬಡ್ಡಿ ಸಮೇತ ದುಡ್ಡು ವಾಪಸ್. ಹಾಗಾಗಿ ಪ್ಲಾನಿನಲ್ಲಿ ಇಲ್ಲದ ಈಜುಕೊಳ, ಪಾರ್ಕು ಹಾಕಿ ಅಂತ ಬ್ರೀಫ್‌ನಲ್ಲಿ ಬರೆಯಬೇಡಿ.

ಹೋಂಸ್ಟೇಗೆ ನಾನು ಹೇಳುವುದು ಒಂದೇ. ನಿಮ್ಮ ಕಿಟಕಿಯಿಂದ ಮುಳ್ಳಯ್ಯನಗಿರಿ ಕಾಣದಿದ್ದರೆ ಚಿತ್ರದಲ್ಲೂ ಬೇಡ. ಕಿಟಕಿ ಬರುವ ಜಾಗದಲ್ಲಿ, ಬೇಕಾದರೆ ಏಣಿ ಹತ್ತಿ ಆ ಎತ್ತರದಿಂದಲೇ ಫೋಟೋ ತೆಗೆದುಕೊಡಿ. ಕಾಫಿ ಕಣ, ತೋಟದ ಕೆಲಸದವರ ಲೈನ್ ಮನೆ ಕಂಡರೂ ಪರವಾಗಿಲ್ಲ.

ಈ ಚಿತ್ರವನ್ನೇ ಮೇಸ್ತ್ರಿಗೆ ಕೊಟ್ಟರೆ ಕಟ್ಟುತ್ತಾರಾ? ಲೈಸೆನ್ಸ್ ಸಿಗುತ್ತದಾ?

ಎರಡೂ ಆಗುವುದಿಲ್ಲ. ಚಿತ್ರದಲ್ಲಿ ಕಬ್ಬಿಣ ಎಷ್ಟು, ಪೈಪು ಎಲ್ಲಿ ಅಂತ ಇರುವುದಿಲ್ಲ. ಅಳತೆ ಇರುವ ಡ್ರಾಯಿಂಗ್ ಇಂಜಿನಿಯರ್ ಕೊಡಬೇಕು. ಬೇಲೂರು, ಹಳೇಬೀಡಿನಂಥ ಸಂರಕ್ಷಿತ ಸ್ಮಾರಕದ ಹತ್ತಿರ ಸೈಟ್ ಇದ್ದರೆ, ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ ಇದೆ, ಅಲ್ಲಿಂದ ಮುಂದಿನ 200 ಮೀಟರ್‌ಗೆ ಅನುಮತಿ ಬೇಕು. ಅದು ಬಗೆಹರಿಯದೆ ತ್ರೀಡಿಗೆ ದುಡ್ಡು ಹಾಕಬೇಡಿ.

ಒಂದು ಮಾದರಿ ಬ್ರೀಫ್ ತೋರಿಸುತ್ತೀರಾ?

ಊಹೆಯ ಮನೆಯೊಂದಕ್ಕೆ ಹೀಗೆ ಬರೆಯಬಹುದು:

‘ಹಾಸನ, 30×40 ಸೈಟ್, ಪೂರ್ವಕ್ಕೆ ರಸ್ತೆ. ಪ್ಲಾನ್, ಸೆಕ್ಷನ್ ಜೊತೆಗಿದೆ, ಅಳತೆ ಅಡಿ–ಇಂಚು. ಮುಂಭಾಗದ ಒಂದು ಚಿತ್ರ, ಹಾಲಿನದು ಎರಡು, ಅಡುಗೆಮನೆಯದು ಒಂದು. ನೋಡುವವರು ಮನೆಯವರು ಮತ್ತು ಬಡಗಿ. ಮುಂಭಾಗ: ಜನವರಿ ಬೆಳಗ್ಗೆ 9 ಗಂಟೆ. ಎಡಕ್ಕೆ ಎರಡಂತಸ್ತಿನ ಮನೆ ಇದೆ, ತೋರಿಸಿ. ಬದಲಾಗದ್ದು: ಕಿಟಕಿಗಳ ಜಾಗ, ಹಾಲಿನ 2×4 ಟೈಲ್ಸ್ (ಫೋಟೋ ಇದೆ), ಹಳೆಯ ಊಟದ ಮೇಜು. ಆರಿಸಬೇಕಾದದ್ದು: ಪೋರ್ಟಿಕೋ ಕಂಬಕ್ಕೆ ಕಲ್ಲೋ ಬಣ್ಣವೋ. ನಿಮಗೆ ಬಿಟ್ಟದ್ದು: ಪರದೆ, ದೀಪದ ಡಿಸೈನ್. ಬೇಡದ್ದು: ಹೊಳೆಯುವ ಸೀಲಿಂಗ್, ನೀಲಿ ಎಲ್ಇಡಿ ಪಟ್ಟಿ. ಒಪ್ಪಿಗೆ ಕೊಡುವವರು: ಅಮ್ಮ.’

ಒಂದೇ ಪುಟ. ಇಷ್ಟು ಸಿಕ್ಕಿದರೆ ಯಾರು ಬೇಕಾದರೂ ಕೆಲಸ ಶುರು ಮಾಡಬಹುದು.

ಕೊನೆಗೆ ಮಾಡೆಲ್ ಫೈಲ್ ನಮಗೆ ಸಿಗುತ್ತದಾ?

ಸಾಮಾನ್ಯವಾಗಿ ಚಿತ್ರ ಮಾತ್ರ ಕೊಡುತ್ತಾರೆ. ಸ್ಕೆಚ್‌ಅಪ್, ಬ್ಲೆಂಡರ್, ತ್ರೀಡಿ ಮ್ಯಾಕ್ಸ್ ಫೈಲ್ ಬೇಕಿದ್ದರೆ ಶುರುವಿನಲ್ಲೇ ಕೇಳಿ, ಬೆಲೆಯಲ್ಲಿ ಸೇರಿಸಿ. ನಾಳೆ ಮೇಲೊಂದು ಅಂತಸ್ತು ಕಟ್ಟುವ ಯೋಚನೆ ಇರುವವರು ಅದನ್ನು ತೆಗೆದುಕೊಳ್ಳುವುದು ಲೇಸು. ನಿಮ್ಮ ಮನೆಯ ಚಿತ್ರವನ್ನು ನಾವು ನಮ್ಮ ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಳ್ಳಬಹುದಾ ಅನ್ನುವುದಕ್ಕೂ ಹೌದು ಅಥವಾ ಬೇಡ ಅಂತ ಅಲ್ಲೇ ಒಂದು ಸಾಲು ಬರೆದುಬಿಡಿ.